ಹತ್ತರ ನಾಣ್ಯ ಬ್ಯಾಡ, ಐದರದ್ದಕ್ಕ ಹತ್ತು ಲಕ್ಷ!

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಹತ್ತು ರೂಪಾಯಿ ನಾಣ್ಯ ಚಾಚಿ ನೋಡಿ. "ಇದು ನಡ್ಯಲ್ರಿ ಅಣ್ಣಾ, ನೋಟಿದ್ರ ಕೊಡ್ರಿ" ಅನ್ನೋರು ಇನ್ನೂ ಸಿಗುತ್ತಾರೆ. ಅದೇ ಅಣ್ಣನ ಮೊಬೈಲಿನಲ್ಲಿ ವೈಷ್ಣೋದೇವಿ ಚಿತ್ರದ ಐದು ರೂಪಾಯಿ ನಾಣ್ಯಕ್ಕೆ ಹತ್ತು ಲಕ್ಷ ಅನ್ನುವ ವಿಡಿಯೊ ಓಡುತ್ತಿರುತ್ತದೆ! ಸರ್ಕಾರ ಹೊರಡಿಸಿದ್ದು ಖೋಟಾ, ರಾಶಿಗಟ್ಟಲೆ ಅಚ್ಚಾದದ್ದು ನಿಧಿ. ಈ ಎರಡೂ ನಂಬಿಕೆಯ ಬೇರು ಒಂದೇ ಅಂತ ನನಗನಿಸುತ್ತದೆ. ದಿನಾ ನಾಣ್ಯ ಎಣಿಸುವ ನಾವು ಅದನ್ನು ತಿರುಗಿಸಿ ನೋಡಿದವರೇ ಅಲ್ಲ.

ಹತ್ತರದ್ದನ್ನು ಮೊದಲು ಮುಗಿಸಿಬಿಡುತ್ತೇನೆ. ರೂಪಾಯಿ ಚಿಹ್ನೆ ಇಲ್ಲದ್ದು ಖೋಟಾ, ಗೆರೆಗಳ ಲೆಕ್ಕ ಬೇರೆ ಇದ್ದದ್ದೂ ಖೋಟಾ ಅನ್ನುತ್ತಾರೆ. ರೂಪಾಯಿ ಚಿಹ್ನೆ ಬಂದದ್ದು 2010ರಲ್ಲಿ, ನಾಣ್ಯಕ್ಕೆ ಇಳಿದದ್ದು 2011ರಿಂದ. ಅದಕ್ಕೂ ಹಿಂದಿನದರಲ್ಲಿ ಆ ಚಿಹ್ನೆ ಎಲ್ಲಿಂದ ಬರಬೇಕು? ಹದಿನೈದು ಗೆರೆ ಇರುವುದೂ ಅಸಲಿ, ಹತ್ತು ಗೆರೆ ಇರುವುದೂ ಅಸಲಿ. ಹದಿನಾಲ್ಕು ವಿನ್ಯಾಸಗಳೂ ಚಲಾವಣೆಯಲ್ಲಿವೆ ಅಂತ ರಿಸರ್ವ್ ಬ್ಯಾಂಕ್ 2018ರಲ್ಲೇ ಹೇಳಿದೆ.

ಇನ್ನು ನೋಡುವ ಬಗೆ. ಇಸವಿಯ ಕೆಳಗೆ ಕಣ್ಣು ಹಾಯಿಸಿ, ನಾಣ್ಯ ಯಾವ ಟಂಕಸಾಲೆಯಲ್ಲಿ, ಅಂದರೆ ನಾಣ್ಯ ಅಚ್ಚು ಹಾಕುವ ಯಾವ ಕಾರ್ಖಾನೆಯಲ್ಲಿ, ಹುಟ್ಟಿತು ಅನ್ನುವ ಗುರುತು ಅಲ್ಲಿರುತ್ತದೆ. ನಕ್ಷತ್ರ ಇದ್ದರೆ ಹೈದರಾಬಾದ್, ವಜ್ರದ ಆಕಾರ ಇದ್ದರೆ ಮುಂಬೈ, ದುಂಡು ಚುಕ್ಕೆ ಇದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ ಟಂಕಸಾಲೆ. ನಮ್ಮ ಭಾಗದವರಿಗೆ ನಕ್ಷತ್ರ ಪರಕೀಯವಲ್ಲ. ನಮ್ಮ ಹಿರಿಯರು ಎಣಿಸುತ್ತಿದ್ದ, ಚಾರ್‌ಮಿನಾರ್ ಮುದ್ರೆಯ ಹಾಲಿ ಸಿಕ್ಕಾ, ಅಂದರೆ ನಿಜಾಮರ ಸಂಸ್ಥಾನದ ನಾಣ್ಯ, ಹೊರಡುತ್ತಿದ್ದದ್ದು ನಿಜಾಮರ ಅದೇ ಟಂಕಸಾಲೆಯಿಂದ. 1903ರಿಂದ ಹೈದರಾಬಾದಿನ ಸೈಫಾಬಾದಿನಲ್ಲಿದ್ದ ಆ ಟಂಕಸಾಲೆ 1997ರಲ್ಲಿ ಚೆರ್ಲಪಲ್ಲಿಗೆ ಹೋಯಿತು. 1985ರ ಒಂದು ರೂಪಾಯಿಯಲ್ಲಿ ‘ಎಚ್’ ಅಕ್ಷರ ಕಂಡರೆ ಅದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಅಚ್ಚಾಗಿ ಹಡಗು ಹತ್ತಿ ಬಂದದ್ದು. ಆಗ ಚಿಲ್ಲರೆಗೆ ಅಷ್ಟು ಬರ.

ನನಗೆ ಹುಚ್ಚು ಹಿಡಿಸಿದ್ದು ಮಾತ್ರ ತಪ್ಪಚ್ಚುಗಳು, ಅಂದರೆ ಟಂಕಸಾಲೆಯಲ್ಲೇ ತಪ್ಪಾಗಿ ಅಚ್ಚಾದ ನಾಣ್ಯಗಳು. ತಗಡಿನಿಂದ ಬಿಲ್ಲೆ ಕತ್ತರಿಸಿ, ಅಂಚು ಎಬ್ಬಿಸಿ, ಉಕ್ಕಿನ ಬಳೆಯೊಳಗೆ ಕೂರಿಸಿ, ಮೇಲೊಂದು ಕೆಳಗೊಂದು ಅಚ್ಚಿನ ನಡುವೆ ಒತ್ತುತ್ತಾರೆ. ಒಂದೊಂದು ಹಂತದಲ್ಲೂ ಎಡವಟ್ಟಿಗೆ ಜಾಗವಿದೆ. ಯಾದಗಿರಿಯ ಒಂದು ಚಹಾದಂಗಡಿಯಲ್ಲಿ ಚಿಲ್ಲರೆಯಾಗಿ ಬಂದ ಎರಡು ರೂಪಾಯಿ ನನ್ನ ಹತ್ತಿರ ಇದೆ. ಸಿಂಹದ ತಲೆಯಿಂದ ಅಂಚಿನವರೆಗೆ ಕೂದಲೆಳೆಯಂಥ ಗೆರೆ. ಗೀರು ಬಿದ್ದಿದ್ದರೆ ಅದು ತಗ್ಗಿರಬೇಕಿತ್ತು. ಉಗುರು ಆಡಿಸಿದರೆ ಉಬ್ಬು ತಾಗುತ್ತದೆ. ಅಂದರೆ ಬಿರುಕು ಬಿಟ್ಟದ್ದು ಅಚ್ಚು, ಒತ್ತುವಾಗ ಲೋಹ ಆ ಬಿರುಕಿನೊಳಗೆ ಏರಿದೆ. ಉಬ್ಬೋ ತಗ್ಗೋ ಅಂತ ಕೇಳಿಕೊಂಡರೆ ಅರ್ಧ ಪರೀಕ್ಷೆ ಅಲ್ಲೇ ಮುಗಿಯಿತು.

ಅಂಚು ಕಚ್ಚಿದಂತಿರುವ ನಾಣ್ಯ ಇನ್ನೂ ಮಜಾ. ಆಗಲೇ ಬಿಲ್ಲೆ ತೆಗೆದ ತೂತಿನ ಮೇಲೇ ಯಂತ್ರ ಮತ್ತೆ ಕತ್ತರಿಸಿದರೆ ಹಾಗಾಗುತ್ತದೆ. ಅಸಲಿಯಾದರೆ ಕಚ್ಚಿದ ಜಾಗಕ್ಕೆ ನೇರ ಎದುರಿನ ಅಂಚೂ ಸಾಮಾನ್ಯವಾಗಿ ಮಸುಕಾಗಿರುತ್ತದೆ, ಯಾಕೆಂದರೆ ಅಂಚು ಎಬ್ಬಿಸುವಾಗ ಈ ಕಡೆ ಒತ್ತಡ ಇಲ್ಲದ್ದಕ್ಕೆ ಆ ಕಡೆಗೂ ಸರಿಯಾಗಿ ಬೀಳುವುದಿಲ್ಲ. ಕಚ್ಚಿದಂತೆ ಕಾಣಲಿ ಅಂತ ಅರ ಹಿಡಿದು ಉಜ್ಜಿದವನಿಗೆ ಇದು ಹೊಳೆಯುವುದಿಲ್ಲ, ಎದುರಿನ ಅಂಚು ಗಟ್ಟಿಯಾಗಿ ನಿಂತು ಅವನ ಬಣ್ಣ ಬಯಲು ಮಾಡುತ್ತದೆ. ಒಮ್ಮೊಮ್ಮೆ ಅಚ್ಚಾದ ನಾಣ್ಯ ಉದುರದೆ ಅಚ್ಚಿಗೇ ಅಂಟಿರುತ್ತದೆ. ಆಗ ಮುಂದಿನ ಬಿಲ್ಲೆಯ ಎರಡೂ ಕಡೆ ಒಂದೇ ಚಿತ್ರ, ಒಂದು ಉಬ್ಬು, ಇನ್ನೊಂದು ತಗ್ಗಿನಲ್ಲಿ ತಿರುಗುಮುರುಗು. ಇನ್ನೊಂದು ಸುಲಭದ ಪರೀಕ್ಷೆ: ಸಿಂಹ ನೆಟ್ಟಗಿಟ್ಟು, ಮೇಲೆ ಕೆಳಗೆ ಎರಡು ಬೆರಳಲ್ಲಿ ಹಿಡಿದು ತಿರುಗಿಸಿ. ನಮ್ಮ ಈಗಿನ ನಾಣ್ಯಗಳಲ್ಲಿ ಹಿಂಬದಿಯೂ ನೆಟ್ಟಗೇ ಬರಬೇಕು. ಚೂರು ವಾಲಿದರೆ ಬಿಟ್ಟುಬಿಡಿ, ಕಾಲು ಸುತ್ತು ತಿರುಗಿದ್ದರೆ ಎತ್ತಿಡಿ.

ಆದರೆ ವಾಡಿ ಜಂಕ್ಷನ್ನಿನ ಹಳಿ ಮೇಲಿಟ್ಟು ಚಪ್ಪಟೆ ಮಾಡಿದ್ದನ್ನು ತಂದು "ಅಪರೂಪದ್ದು ನೋಡ್ರಿ" ಅನ್ನಬೇಡಿ. ಟಂಕಸಾಲೆಯಿಂದ ಹೊರಬಿದ್ದ ಮೇಲೆ ಆದದ್ದೆಲ್ಲ ಬರೀ ಗಾಯ. ಬೇಕಂತಲೇ ನಾಣ್ಯ ಹಾಳು ಮಾಡುವುದು 2011ರ ನಾಣ್ಯ ಕಾಯ್ದೆಯಲ್ಲಿ ಅಪರಾಧ ಕೂಡ.

ದುಡ್ಡಿನ ಮಾತು. ಅಚ್ಚುಕಟ್ಟಾದ ತಪ್ಪಿಗೆ ಸಂಗ್ರಾಹಕರು ಮುಖಬೆಲೆಗಿಂತ ಹೆಚ್ಚು ಕೊಡುತ್ತಾರೆ ಹೌದು, ಮಗಳ ಮದುವೆ ಮುಗಿಯುವಷ್ಟಲ್ಲ. ಫೋನಿನಲ್ಲಿ "ಲಕ್ಷ ಕೊಡ್ತೀವಿ, ಮೊದಲು ನೋಂದಣಿ ಶುಲ್ಕ ಹಾಕಿ" ಅಂದವನು ಕಳ್ಳ. ರಿಸರ್ವ್ ಬ್ಯಾಂಕ್ ಹೆಸರು ಹೇಳಿದರಂತೂ ಪಕ್ಕಾ ಕಳ್ಳ. ಇಂಥ ವ್ಯವಹಾರ ನಮ್ಮದಲ್ಲ, ಶುಲ್ಕವನ್ನೂ ಕಮಿಷನ್ನನ್ನೂ ಕೇಳುವುದಿಲ್ಲ ಅಂತ 2021ರ ಆಗಸ್ಟ್‌ನಲ್ಲಿ ಬ್ಯಾಂಕೇ ಎಚ್ಚರಿಸಿದೆ. ಆದರೂ ರೊಕ್ಕ ಹಾಕುವವರು ಹಾಕುತ್ತಲೇ ಇದ್ದಾರೆ.

ನಿಮ್ಮ ಡಬ್ಬಿಯಲ್ಲಿ ಅನುಮಾನದ್ದೊಂದು ಸಿಕ್ಕರೆ ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ, ಹೊಳಪು ಬಂದಷ್ಟೂ ಬೆಲೆ ಇಳಿಯುತ್ತದೆ. ಪರಿಚಯದ ಸರಾಫರ ತಕ್ಕಡಿಯಲ್ಲಿ ತೂಗಿಸಿ. ಹಳೆಯ ದಪ್ಪ ಐದು ರೂಪಾಯಿ ಒಂಬತ್ತು ಗ್ರಾಂ ಇರಬೇಕು. ಕಿಟಕಿಯ ಓರೆ ಬೆಳಕಿನಲ್ಲಿ ಎರಡು ಮುಖ ಮತ್ತು ಅಂಚಿನ ಫೋಟೊ ತೆಗೆದು ಕಳಿಸಿ, ನೋಡೋಣ.