ಹಳೆಯ ಕಾರಿನ ಎ.ಸಿ. ಶಾರ್ಜಾಕ್ಕಿಂತ ಉಡುಪಿಗೇ ಹೆಚ್ಚು ಬೇಕು

ಈ ಸಲ ಜುಲೈ ರಜೆಯಲ್ಲಿ ಊರಿಗೆ ಬಂದಾಗ ಮಂಗಳೂರು ವಿಮಾನ ನಿಲ್ದಾಣಕ್ಕೆ ಭಾವ ತಮ್ಮ ಹಳೆಯ ಕಾಂಟೆಸ್ಸಾವನ್ನೇ ತಂದಿದ್ದರು. ಸುರತ್ಕಲ್ ದಾಟುವಷ್ಟರಲ್ಲಿ ಮಳೆ ಜೋರಾಗಿ, ಗಾಜುಗಳನ್ನೆಲ್ಲ ಏರಿಸಬೇಕಾಯಿತು. ಒಳಗಿದ್ದವರ ಉಸಿರಿಗೆ ಮುಂದಿನ ಗಾಜು ಪೂರ್ತಿ ಮಂಜಾಯಿತು. ಭಾವ ಒಂದು ಕೈಯಲ್ಲಿ ಸ್ಟಿಯರಿಂಗ್ ಹಿಡಿದು, ಇನ್ನೊಂದು ಕೈಯಲ್ಲಿ ಬೈರಾಸಿನಿಂದ ಗಾಜು ಒರೆಸುತ್ತ ಪಡುಬಿದ್ರಿಯವರೆಗೂ ಓಡಿಸಿದರು. ಎ.ಸಿ. ಹಾಕಿ ಎಂದು ನಾನು ಹೇಳಿದ್ದಕ್ಕೆ, “ಅದನ್ನು ಬೇಸಿಗೆಯಲ್ಲೇ ತೆಗೆಸಿ ಆಯಿತು ಭಾವ. ಗ್ಯಾಸ್ ನಿಲ್ಲುವುದಿಲ್ಲ, ಎಂಜಿನಿಗೆ ಸುಮ್ಮನೆ ಲೋಡು. ಗ್ಯಾರೇಜಿನವರೇ ಬೇಡ ಅಂದರು” ಎಂದರು. ಗ್ಯಾಸನ್ನು ಒತ್ತುವ ಕಂಪ್ರೆಸರ್ ಮತ್ತು ಅದರ ಬಿಸಿಯನ್ನು ಹೊರಬಿಡುವ ಕಂಡೆನ್ಸರ್ ಎಲ್ಲಿವೆ ಎಂದು ಕೇಳಿದರೆ, ಗುಜರಿಗೆ ಹೋದವು ಎಂಬ ಉತ್ತರ ಬಂತು.

ನನಗೆ ಬಹಳ ನೋವಾಯಿತು. ಅದು ಯಾರೋ ಅಂಗಡಿಯಲ್ಲಿ ಆಮೇಲೆ ತೂಗುಹಾಕಿದ ಎ.ಸಿ. ಆಗಿರಲಿಲ್ಲ, ಕಾರಿನೊಂದಿಗೆ ಕಾರ್ಖಾನೆಯಿಂದಲೇ ಬಂದದ್ದಾಗಿತ್ತು. ಇಂಗ್ಲೆಂಡಿನ ವಾಕ್ಸ್‌ಹಾಲ್ ವಿಕ್ಟರಿನ ದೇಹವನ್ನು ತಂದು ಹಿಂದುಸ್ತಾನ್ ಮೋಟರ್ಸ್ 1984ರಲ್ಲಿ ಕಾಂಟೆಸ್ಸಾವನ್ನು ಹೊರತಂದಾಗ ಅದರಲ್ಲಿದ್ದದ್ದು ಸುಮಾರು 50 ಅಶ್ವಶಕ್ತಿಯ 1.5 ಲೀಟರ್ ಎಂಜಿನ್. ಅಷ್ಟು ದೊಡ್ಡ ಕಾರನ್ನು ಎಳೆಯುವುದೇ ಅದಕ್ಕೆ ಕಷ್ಟವಾಗಿದ್ದಾಗ ಎ.ಸಿ. ನಿಜವಾಗಿಯೂ ಹೊರೆ. ಆದರೆ ಭಾವನ ಕಾರಿನಲ್ಲಿರುವುದು ಆಮೇಲೆ ಬಂದ ಇಸುಜು 1.8 ಲೀಟರ್ ಎಂಜಿನ್. ಅದರ ಶಕ್ತಿ 88 ಅಶ್ವಶಕ್ತಿಯ ಆಸುಪಾಸು. ಹಳೆಯ ಎಂಜಿನ್ನಿನ ಕಾಲದ ಮಾತನ್ನು ಹೊಸ ಎಂಜಿನ್ನಿಗೂ ಅನ್ವಯಿಸಿ ತೀರ್ಪು ಕೊಡುವ ಅಭ್ಯಾಸ ನಮ್ಮೂರಿನ ಗ್ಯಾರೇಜುಗಳಲ್ಲಿ ಇನ್ನೂ ಹೋಗಿಲ್ಲ.

ನಾನು ಕೆಲಸ ಮಾಡುವ ಶಾರ್ಜಾದಲ್ಲಿ ಇದರ ತದ್ವಿರುದ್ಧವಾದ ನಡೆಯನ್ನು ಕಾಣುತ್ತೇನೆ. ಅಲ್ಲಿನ ಇಂಡಸ್ಟ್ರಿಯಲ್ ಏರಿಯಾದ ಒಂದು ಗ್ಯಾರೇಜಿನಲ್ಲಿ ಡಬ್ಲ್ಯು 123 ಮಾದರಿಯ ಹಳೆಯ ಮರ್ಸಿಡಿಸ್ ಒಂದರ ಡ್ಯಾಶ್‌ಬೋರ್ಡು ಪೂರ್ತಿ ಬಿಚ್ಚಿ ಹಿಂದಿನ ಸೀಟಿನ ಮೇಲೆ ಇಟ್ಟಿದ್ದುದನ್ನು ನೋಡಿದ್ದೇನೆ. ಆ ಕಾರಿನ ಕೂಲಿಂಗ್ ಕಾಯಿಲ್ ಡ್ಯಾಶ್‌ಬೋರ್ಡಿನ ಒಡಲಲ್ಲಿ ಹುದುಗಿದೆ. ಅದನ್ನು ತಲುಪಲು ಬೇರೆ ದಾರಿ ಇಲ್ಲ. ಕಾರಿನ ಒಡೆಯರು ಅರಬರು. ಬಿಡಿಭಾಗ ಜರ್ಮನಿಯಿಂದ ಬರಲಿ, ತಡವಾದರೆ ಆಗಲಿ, ಆದರೆ ಕಾರ್ಖಾನೆಯಲ್ಲಿ ಇದ್ದಂತೆಯೇ ಆಗಬೇಕು ಎಂದು ಅವರು ಹೇಳಿಹೋಗಿದ್ದರು. ಆ ಕೆಲಸ ಮಾಡುತ್ತಿದ್ದವರು ಉಳ್ಳಾಲದವರು, ಬಂದರಿನ ಗ್ಯಾರೇಜೊಂದರಲ್ಲಿ ಸ್ಪ್ಯಾನರ್ ಹಿಡಿಯಲು ಕಲಿತವರು. ಕಂಪ್ರೆಸರಿಗೆ ಹಾಕಿದ್ದ ಹಳೆಯ ಖನಿಜ ಎಣ್ಣೆಯನ್ನು ಪೈಪುಗಳಿಂದ ಪೂರ್ತಿ ತೊಳೆದು ತೆಗೆದರು. ಅದು ಹಳೆಯ ಗ್ಯಾಸಿನ ಬದಲಿಗೆ ತುಂಬುವ ಹೊಸ ಆರ್ 134 ಎ ಗ್ಯಾಸಿನೊಂದಿಗೆ ಬೆರೆಯುವುದಿಲ್ಲ. ರಬ್ಬರಿನ ಓ ರಿಂಗುಗಳನ್ನು, ತೇವ ಹೀರುವ ಡ್ರೈಯರನ್ನು ಬದಲಿಸಿದರು. ಹೊಸ ಗ್ಯಾಸಿನ ಅಣು ಚಿಕ್ಕದಾದ್ದರಿಂದ ಹಳೆಯ ಹೋಸುಗಳ ಗೋಡೆಯಿಂದಲೇ ಸೋರುತ್ತದೆಂದು, ಒಳಪದರವಿರುವ ಹೋಸುಗಳನ್ನು ಹಳೆಯ ತುದಿಗಳಿಗೇ ಒತ್ತಿ ಕೂರಿಸಿದರು. ಕೊನೆಗೆ ವ್ಯಾಕ್ಯೂಮ್ ಪಂಪು ಹಚ್ಚಿ ಬಹಳ ಹೊತ್ತು ಬಿಟ್ಟರು, ಏಕೆಂದರೆ ಒಳಗೆ ಉಳಿದ ತೇವ ಆಮ್ಲವಾಗಿ ಕಾಯಿಲನ್ನು ತಿನ್ನುತ್ತದೆ. ಊರಿನಲ್ಲಿ ಇದ್ದಿದ್ದರೆ ಏನು ಮಾಡುತ್ತಿದ್ದಿರಿ ಎಂದು ಕೇಳಿದೆ. “ತೆಗೆದು ಕೊಡುತ್ತಿದ್ದೆ ಅಣ್ಣ. ಅಲ್ಲಿ ಗಿರಾಕಿ ಸಂಜೆಗೆ ಕಾರು ಬೇಕು ಅನ್ನುತ್ತಾರೆ” ಎಂದರು.

ಅಲ್ಲಿಗೂ ಇಲ್ಲಿಗೂ ಇರುವ ವ್ಯತ್ಯಾಸ ಇಷ್ಟೇ ಎಂದು ನನಗನ್ನಿಸುತ್ತದೆ. ಕೈ ಅದೇ, ಕಲಿತದ್ದು ಅದೇ ಬಂದರಿನಲ್ಲಿ, ಕೇಳುವವರು ಬೇರೆ.

ಶಾರ್ಜಾದಲ್ಲಿ ಬೇಸಿಗೆಯ ಬಿಸಿಲು 45 ಡಿಗ್ರಿ ದಾಟುತ್ತದೆ, ಹಾಗಾಗಿ ಅಲ್ಲಿ ಎ.ಸಿ. ಬೇಕು, ನಮ್ಮಲ್ಲಿ ಕಿಟಕಿ ತೆರೆದರೆ ಸಾಕು ಎಂದು ಊರಿನವರು ಹೇಳುತ್ತಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿನಷ್ಟು ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆ ನಾಲ್ಕು ತಿಂಗಳು ಕಿಟಕಿ ತೆರೆಯುವಂತಿಲ್ಲ. ಎ.ಸಿ.ಯ ಕಾಯಿಲ್ ಗಾಳಿಯನ್ನು ತಣ್ಣಗೆ ಮಾಡುವುದರ ಜೊತೆಗೆ ಅದರಲ್ಲಿರುವ ನೀರನ್ನೂ ಹಿಂಡಿ ತೆಗೆದು ಕಾರಿನ ಅಡಿಯಿಂದ ಹೊರಗೆ ತೊಟ್ಟಿಕ್ಕಿಸುತ್ತದೆ. ಕರಾವಳಿಯಲ್ಲಿ ಅದರ ದುಡಿಮೆಯ ದೊಡ್ಡ ಪಾಲು ಹೋಗುವುದೇ ಅದಕ್ಕೆ. ಒಣಗಿದ ಗಾಳಿ ಕ್ಯಾಬಿನ್ನಿನಲ್ಲಿ ತಿರುಗಿದರೆ ಒಳಗಿನ ಮಂಜು ನಿಮಿಷಗಳಲ್ಲಿ ಆರುತ್ತದೆ. ಗಾಜು ಅತಿಯಾಗಿ ತಣ್ಣಗಾದರೆ ಹೊರಬದಿಯಲ್ಲಿ ಮಂಜು ಕೂರುವುದುಂಟು, ಅದನ್ನು ವೈಪರ್ ಒರೆಸುತ್ತದೆ. ರಾತ್ರಿ ಹೆದ್ದಾರಿಯಲ್ಲಿ ಎದುರಿನಿಂದ ಲಾರಿ ಬರುವಾಗ ಬೈರಾಸಿನಿಂದ ಗಾಜು ಒರೆಸಿಕೊಂಡು ಓಡಿಸುವುದು ಸುರಕ್ಷಿತವಲ್ಲ. ಶಾರ್ಜಾದವರಿಗೆ ಎ.ಸಿ. ತಂಪು ಕೊಡುತ್ತದೆ, ನಮಗೆ ದಾರಿ ಕಾಣಿಸುತ್ತದೆ.

ಇನ್ನು ಲೋಡಿನ ಮಾತು. 1940ರ ಮಾದರಿಯಾಗಿ ಅಮೆರಿಕದ ಪ್ಯಾಕರ್ಡ್ ಮೊದಲ ಬಾರಿಗೆ ಕಾರ್ಖಾನೆಯಲ್ಲೇ ಎ.ಸಿ. ಕೂರಿಸಿ ಮಾರಿದಾಗ ಅದರ ಕಂಪ್ರೆಸರಿಗೆ ಎಂಜಿನ್ನಿನಿಂದ ಬಿಡಿಸುವ ಕ್ಲಚ್ ಇರಲಿಲ್ಲ, ಎ.ಸಿ. ಬೇಡವೆಂದರೆ ಕಾರು ನಿಲ್ಲಿಸಿ, ಬಾನೆಟ್ ತೆರೆದು ಬೆಲ್ಟನ್ನೇ ಕಳಚಬೇಕಿತ್ತು. ನಮ್ಮ ಕಾಂಟೆಸ್ಸಾದ ಕಂಪ್ರೆಸರಿನಲ್ಲಿ ಮ್ಯಾಗ್ನೆಟಿಕ್ ಕ್ಲಚ್ ಇತ್ತು. ಸ್ವಿಚ್ ಆಫ್ ಮಾಡಿದರೆ ತಿರುಗುವುದು ಪುಲ್ಲಿ ಮಾತ್ರ, ಎಂಜಿನಿಗೆ ಲೋಡು ಇಲ್ಲವೆನ್ನುವಷ್ಟು ಕಡಿಮೆ. ಹೀಗಿರುವಾಗ ಪಿಕಪ್ ಸಲುವಾಗಿ ಅದನ್ನು ತೆಗೆಯುವುದಕ್ಕೆ ಏನೂ ಅರ್ಥವಿಲ್ಲ. ತೆಗೆದ ಮೇಲೆ ಉಳಿಯುವುದರ ಬಗ್ಗೆ ಯಾರೂ ಹೇಳುವುದೂ ಇಲ್ಲ: ಪೈಪುಗಳು ಹಾದುಹೋಗಿದ್ದ ತೂತುಗಳನ್ನು ಎಂಜಿನ್ ಮತ್ತು ಕ್ಯಾಬಿನ್ ನಡುವಿನ ತಗಡಿನಲ್ಲಿ ಹಾಗೆಯೇ ಬಿಟ್ಟಿದ್ದರು. ಆ ಮಳೆಯಲ್ಲಿ ಅಕ್ಕನ ಕಾಲಬುಡದ ಮ್ಯಾಟು ಒದ್ದೆಯಾಗಿತ್ತು. ನಮ್ಮ ಉಪ್ಪುಗಾಳಿಯ ಊರಿನಲ್ಲಿ ನೆಲದ ತಗಡಿಗೆ ತುಕ್ಕು ಹಿಡಿಯಲು ಇಷ್ಟು ಸಾಕು.

ಆದರೂ ಭಾವನ ಪಕ್ಷದಲ್ಲಿ ಹೇಳಬೇಕಾದದ್ದು ಕೆಲವು ಇವೆ, ಅವುಗಳನ್ನು ಬಿಡುವಂತಿಲ್ಲ. ರೇಡಿಯೇಟರಿನ ಮುಂದೆ ಕೂರುವ ಕಂಡೆನ್ಸರ್ ಗಾಳಿಯನ್ನು ತಡೆಯುತ್ತದೆ. ಆಗುಂಬೆ ಘಾಟಿ ಹತ್ತುವಾಗ ಅವರ ಕಾರು ಕುದಿದದ್ದು ಸುಳ್ಳಲ್ಲ. ಆ ಕಾರಿಗೆ ಬೇಕಿದ್ದ ಆರ್ 12 ಗ್ಯಾಸು ಓಝೋನ್ ಪದರಕ್ಕೆ ಹಾನಿ ಮಾಡುತ್ತದೆಂದು 1987ರ ಮಾಂಟ್ರಿಯಲ್ ಒಪ್ಪಂದದಂತೆ ಭಾರತದಲ್ಲೂ ತಯಾರಿಕೆ ನಿಂತಿದೆ. ಬದಲಿಗೆ ಬಂದ ಆರ್ 134 ಎ ಓಝೋನಿಗೆ ಹಾನಿ ಮಾಡದಿದ್ದರೂ, ತೂಕಕ್ಕೆ ತೂಕ ನೋಡಿದರೆ ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಹೆಚ್ಚು ಭೂಮಿಯನ್ನು ಬಿಸಿ ಮಾಡುತ್ತದೆ. ಸೋರುವ ಪೈಪಿಗೆ ಪ್ರತಿ ಬೇಸಿಗೆಯಲ್ಲೂ ಗ್ಯಾಸ್ ತುಂಬಿಸುತ್ತ ಹೋಗುವವರಿಗಿಂತ ಒಮ್ಮೆ ತೆಗೆಸಿ ಸುಮ್ಮನಾದವರು ಕಡಿಮೆ ಕೆಟ್ಟದ್ದನ್ನು ಮಾಡಿದ್ದಾರೆ ಎಂಬುದನ್ನು ನಾನು ಅಲ್ಲಗಳೆಯಲಾರೆ. ಶಾರ್ಜಾದ ಆ ಒಡೆಯರು ಸುರಿದ ಹಣ ಭಾವನಂಥ ನಿವೃತ್ತ ಬ್ಯಾಂಕ್ ಉದ್ಯೋಗಿಯ ಬಳಿ ಇರುವುದಿಲ್ಲ ಎಂಬುದೂ ನಿಜ.

ಹಾಗಿದ್ದರೂ ತೆಗೆಸುವವರು ಕಂಪ್ರೆಸರಿನ ಮತ್ತು ಪೈಪುಗಳ ಬಾಯಿಗಳನ್ನು ಬಿಗಿಯಾಗಿ ಮುಚ್ಚಿ ಅಟ್ಟದಲ್ಲಿ ಇಡಲಿ, ತಗಡಿನ ತೂತುಗಳಿಗೆ ರಬ್ಬರಿನ ಬಿರಡೆ ಹಾಕಿಸಲಿ ಎಂದಷ್ಟೇ ಕೇಳುತ್ತೇನೆ. ಭಾವನ ಕಾರಿನಲ್ಲಿ ಕೂಲಿಂಗ್ ಕಾಯಿಲ್ ಮತ್ತು ಕಂಪ್ರೆಸರ್ ಕೂರುವ ಬ್ರಾಕೆಟ್ ಇನ್ನೂ ಉಳಿದಿವೆ. ಹಳೆಯ ಜಾಗಕ್ಕೇ ಒಪ್ಪುವ ಕಂಪ್ರೆಸರ್ ಹುಡುಕಿ, ಹೊಸ ಗ್ಯಾಸಿಗೆ ತಕ್ಕ ದೊಡ್ಡ ಕಂಡೆನ್ಸರ್ ಮತ್ತು ಅದರ ಮುಂದೊಂದು ಫ್ಯಾನ್ ಹಾಕಿಸಿದರೆ ಅದು ಮತ್ತೆ ನಡೆಯುತ್ತದೆ. ಉಳ್ಳಾಲದವರು ಡಿಸೆಂಬರಿನಲ್ಲಿ ರಜೆಗೆ ಬರುವಾಗ ಉಡುಪಿಗೆ ಬಂದು ನೋಡಲು ಒಪ್ಪಿದ್ದಾರೆ, ಖರ್ಚು ನನ್ನದು. ಭಾವ ಮಾತ್ರ ಪೂರ್ತಿ ಒಪ್ಪಿಲ್ಲ, “ಮೊದಲು ರೇಡಿಯೇಟರ್ ಸರಿ ಮಾಡಿಸುವ, ಎ.ಸಿ. ಆಮೇಲೆ ನೋಡುವ” ಎನ್ನುತ್ತಾರೆ. ಕೆಲಸದ ಕ್ರಮದಲ್ಲಿ ಅವರ ಮಾತೇ ಸರಿ.