ವಾರಕ್ಕೆ ಮೂರು ದಿನದ ಶಾಲೆ

ಇಂಗ್ಲೆಂಡಿನಲ್ಲಿ ಪ್ರಾಥಮಿಕ ಶಾಲೆಗೆ ಹೋಗುವ ನಮ್ಮ ಮಗಳು ವಾರದಲ್ಲಿ ಮೂರು ದಿನ ಶಾಲೆಯಲ್ಲಿ, ಎರಡು ದಿನ ಮನೆಯಲ್ಲಿ ಕಲಿಯುತ್ತಾಳೆಂದು ಊರಿನವರಿಗೆ ಹೇಳಿದರೆ, ‘ಮಗುವಿಗೆ ಹುಷಾರಿಲ್ಲವೇ?’ ಎಂದೇ ಮೊದಲು ಕೇಳುತ್ತಾರೆ. ಆ ಪ್ರಶ್ನೆಯಲ್ಲಿ ತಪ್ಪೇನಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 6ರಿಂದ 14 ವರ್ಷದ ಮಗುವನ್ನು ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ. ಎಸ್ಸೆಸ್ಸೆಲ್ಸಿಗೆ ಬಂದರೆ ಶೇ. 75ರಷ್ಟು ಹಾಜರಾತಿ ಬೇಕು. ಅರ್ಧ ಶಾಲೆ, ಅರ್ಧ ಮನೆ ಎಂಬ ಏರ್ಪಾಡಿಗೆ ಅಲ್ಲಿ ಹೆಸರೇ ಇಲ್ಲ.

ಇಲ್ಲಿನ 1996ರ ಶಿಕ್ಷಣ ಕಾಯ್ದೆಯ 7ನೇ ಸೆಕ್ಷನ್, ಮಗುವಿಗೆ ಪೂರ್ಣಾವಧಿ ಶಿಕ್ಷಣವನ್ನು ಶಾಲೆಯ ಮೂಲಕವೋ ಬೇರೆ ರೀತಿಯಲ್ಲೋ ಪೋಷಕರು ಕೊಡಿಸಬೇಕು ಎನ್ನುತ್ತದೆ. ಇದನ್ನು ಓದಿ ಫ್ಲೆಕ್ಸಿ ಸ್ಕೂಲಿಂಗ್, ಅಂದರೆ ಕೆಲವು ದಿನ ಶಾಲೆ, ಕೆಲವು ದಿನ ಮನೆ ಎಂಬ ಏರ್ಪಾಡು ಕೂಡ ತಮ್ಮ ಹಕ್ಕೆಂದು ಭಾವಿಸುವವರಿದ್ದಾರೆ. ನಾನೂ ಹಾಗೆಯೇ ಭಾವಿಸಿದ್ದೆ. ಆದರೆ ಪೂರ್ತಿ ಮನೆಯಲ್ಲೇ ಕಲಿಸುವುದು ಹಕ್ಕು, ನಡುವಿನ ದಾರಿ ಮಾತ್ರ ಮುಖ್ಯ ಶಿಕ್ಷಕರ ವಿವೇಚನೆಗೆ ಬಿಟ್ಟದ್ದು. ಅವರು ಒಪ್ಪದಿದ್ದರೂ ಮಗುವನ್ನು ಮನೆಯಲ್ಲಿ ಉಳಿಸಿಕೊಂಡರೆ ಅದು ಅನಧಿಕೃತ ಗೈರು, ದಂಡದವರೆಗೂ ಹೋಗಬಹುದಾದ ವಿಷಯ. ಒಪ್ಪಿದರೂ, ಮಗಳು ಮನೆಯ ಮೇಜಿನ ಮುಂದೆ ಕುಳಿತು ನಕಾಶೆ ಬರೆಯುತ್ತಿರುವ ದಿನ ಶಾಲೆಯ ದಾಖಲೆಯಲ್ಲಿ ‘ಅನುಮತಿ ಪಡೆದ ಗೈರು’ ಎಂದೇ ನಮೂದಾಗುತ್ತದೆ. ಇದರಿಂದ ಶಾಲೆಯ ಒಟ್ಟು ಹಾಜರಾತಿ ಕುಸಿಯುವುದರಿಂದ, ಹಿಂಜರಿಯುವ ಮುಖ್ಯ ಶಿಕ್ಷಕರನ್ನು ದೂರಲು ನನಗೆ ಮನಸ್ಸು ಬರುವುದಿಲ್ಲ.

ಆದ್ದರಿಂದ ಬಾಯಿಮಾತಿನ ಒಪ್ಪಿಗೆ ಸಾಲದು. ಯಾವ ದಿನ ಎಲ್ಲಿ, ಯಾವ ವಿಷಯ ಯಾರ ಹೊಣೆ, ಮರುಪರಿಶೀಲನೆ ಯಾವಾಗ ಎಂಬುದೆಲ್ಲ ಬರವಣಿಗೆಯಲ್ಲಿರಬೇಕು. ಮೊದಲ ಅವಧಿಯಲ್ಲಿ ನಾವು ನಮ್ಮ ಕೆಲಸದ ಅನುಕೂಲ ನೋಡಿ ಗುರುವಾರ, ಶುಕ್ರವಾರಗಳನ್ನು ಮನೆಗೆ ಇಟ್ಟುಕೊಂಡೆವು. ತರಗತಿಯಲ್ಲಿ ಭಿನ್ನರಾಶಿ ಶುರುವಾದದ್ದು ಒಂದು ಗುರುವಾರ. ಸೋಮವಾರ ಹೋದವಳಿಗೆ ಛೇದ ಸಮ ಮಾಡುವ ಲೆಕ್ಕ ಎದುರಾಯಿತು, ಛೇದವೆಂದರೇನೆಂದೇ ಅವಳಿಗೆ ಗೊತ್ತಿರಲಿಲ್ಲ. ಈಗ ಗಣಿತ ಪೂರ್ತಿ ಶಾಲೆಯ ಪಾಲು, ಅದರ ಹೊಸ ಪಾಠಗಳು ಅವಳು ಇರುವ ದಿನಗಳಲ್ಲೇ ಆರಂಭವಾಗುತ್ತವೆ. ಇತಿಹಾಸ, ಭೂಗೋಳ ಮತ್ತು ಕನ್ನಡ ನಮ್ಮ ಪಾಲು. ನಡುವೆ ಓಡಾಡುವ ಒಂದು ನೋಟ್‌ಬುಕ್ಕಿನಲ್ಲಿ ಶಿಕ್ಷಕಿ ಎರಡು ಸಾಲು ಬರೆದರೆ ನಾವು ಎರಡು ಸಾಲು ಬರೆಯುತ್ತೇವೆ.

ನಮ್ಮ ರಾಜ್ಯದ ಶಾಲೆಗಳು ನಾಳೆಯೇ ಹೀಗೆ ಮಾಡಲಿ ಎಂದು ನಾನು ಹೇಳಲಾರೆ. ಮನೆಯ ದಿನಗಳಲ್ಲಿ ಕಲಿಸಲು ಮನೆಯಲ್ಲೊಬ್ಬರು ಬಿಡುವಾಗಿರಬೇಕು, ಆ ಬಿಡುವು ಎಲ್ಲರಿಗೂ ಇರುವುದಿಲ್ಲ. ಇಲ್ಲಿಯೂ ನಮ್ಮ ಏರ್ಪಾಡು ನಿಂತಿರುವುದು ಒಬ್ಬರ ಸಹಿಯ ಮೇಲೆ. ಮುಖ್ಯ ಶಿಕ್ಷಕರು ಬದಲಾದ ದಿನ ಎಲ್ಲವನ್ನೂ ಮೊದಲಿನಿಂದ ಕೇಳಿಕೊಳ್ಳಬೇಕಾಗಬಹುದು.