ಸಹಿ ಹಾಕಿಸಿಕೊಂಡ ಮೇಲೂ ಕೆಲಸ ಇದೆ

ಅಮೆರಿಕಕ್ಕೆ ಬಂದ ಮೇಲೆ ಇಲ್ಲಿನ ಒಂದು ಪದ್ಧತಿ ನನಗೆ ಬಹಳ ಹಿಡಿಸಿತು. ಆರೋಗ್ಯ ಸಂಶೋಧನೆ ಎಂದರೆ, ಅದರಲ್ಲಿ ಯಾರ್ಯಾರು ಸೇರಿದ್ದಾರೆ ಎಂದು ಕೇಳುತ್ತಾರೆ. 1993ರಲ್ಲಿ ಇದಕ್ಕೆ ಕಾನೂನೇ ಬಂತು. ಇಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆ ದುಡ್ಡು ಕೊಡುವ ಕ್ಲಿನಿಕಲ್ ಸಂಶೋಧನೆಯಲ್ಲಿ, ಅಂದರೆ ಜನರನ್ನೇ ಸೇರಿಸಿಕೊಂಡು ಮಾಡುವ ಸಂಶೋಧನೆಯಲ್ಲಿ, ಹೆಂಗಸರು, ಅಲ್ಪಸಂಖ್ಯಾತ ಸಮುದಾಯದವರು ಇರಬೇಕು. ಖರ್ಚು ಜಾಸ್ತಿ ಎಂಬ ನೆಪ ಹೇಳುವ ಹಾಗಿಲ್ಲ.

ಸುಮ್ನೆ ಲೆಕ್ಕ ತುಂಬಿಸುವ ಮಾತಲ್ಲ ಇದು. ಜೋಲ್ಪಿಡೆಮ್ ಎಂಬ ನಿದ್ದೆ ಮಾತ್ರೆಯನ್ನು ಗಂಡಸರಿಗೂ ಹೆಂಗಸರಿಗೂ ವರ್ಷಗಟ್ಟಲೆ ಒಂದೇ ಪ್ರಮಾಣದಲ್ಲಿ ಕೊಟ್ಟರು. ಹೆಂಗಸರ ಮೈಯಿಂದ ಅದು ನಿಧಾನಕ್ಕೆ ಹೋಗುತ್ತದೆ. ಬೆಳಗ್ಗೆ ಕಾರು ಓಡಿಸುವ ಹೊತ್ತಿಗೂ ರಕ್ತದಲ್ಲಿ ಉಳಿದಿರಬಹುದು. ಅವರ ಡೋಸನ್ನು ಅರ್ಧಕ್ಕೆ ಇಳಿಸಿ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹೇಳಿದ್ದು 2013ರಲ್ಲಿ!

ಆದರೆ ಕಾನೂನು ಬಂದ ಮಾತ್ರಕ್ಕೆ ಜನ ಬಂದುಬಿಡುತ್ತಾರಾ? 1932ರಿಂದ 1972ರವರೆಗೆ ಅಲಬಾಮಾ ರಾಜ್ಯದ ಟಸ್ಕೀಗಿಯಲ್ಲಿ ಸಿಫಿಲಿಸ್ ಎಂಬ ಲೈಂಗಿಕ ರೋಗ ಇದ್ದ ಕಪ್ಪು ಗಂಡಸರನ್ನು ಸರ್ಕಾರಿ ವೈದ್ಯರು ಸಂಶೋಧನೆಯ ಹೆಸರಲ್ಲಿ, ಚಿಕಿತ್ಸೆ ಕೊಡದೆ ಸುಮ್ಮನೆ ನೋಡುತ್ತಾ ಕೂತರು. ಅದನ್ನು ವಾಸಿ ಮಾಡುವ ಪೆನಿಸಿಲಿನ್ ಬಂದ ಮೇಲೂ ಕೊಡಲಿಲ್ಲ. ಆ ಕಥೆ ಕೇಳಿ ಬೆಳೆದವರು ಸಂಶೋಧನೆಯ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲು ಹಿಂಜರಿದರೆ ಅವರನ್ನು ದೂರುವ ಹಕ್ಕು ಯಾರಿಗೂ ಇಲ್ಲ.

ಇದಕ್ಕೆ ಒಳ್ಳೆಯ ಉತ್ತರ ಕೊಟ್ಟಿದ್ದು ಲಾಸ್ ಏಂಜಲೀಸ್ ಕಡೆಯ ಕ್ಷೌರದಂಗಡಿಗಳು. 52 ಅಂಗಡಿ, ಬಿಪಿ ಜಾಸ್ತಿ ಇದ್ದ 319 ಕಪ್ಪು ಗಂಡಸರು. ಒಂದು ಗುಂಪಿನವರಿಗೆ ಫಾರ್ಮಸಿಸ್ಟೇ ಅಂಗಡಿಗೆ ಬಂದು, ಬಿಪಿ ನೋಡಿ, ಮಾತ್ರೆ ಬರೆದುಕೊಡುತ್ತಿದ್ದರು. ಇನ್ನೊಂದು ಗುಂಪಿಗೆ 'ಡಾಕ್ಟರ ಹತ್ತಿರ ತೋರಿಸಿಕೊಳ್ಳಿ' ಎಂದು ಕ್ಷೌರಿಕರು ತಿಳಿಹೇಳುತ್ತಿದ್ದರು. ಆರು ತಿಂಗಳಲ್ಲಿ ಮೊದಲ ಗುಂಪಿನ ಮೇಲಿನ ಬಿಪಿ ಸರಾಸರಿ 27 ಇಳಿಯಿತು, ಎರಡನೆಯದು ಸುಮಾರು 9. ಫಲಿತಾಂಶ ಪ್ರಕಟವಾಗಿದ್ದು 2018ರಲ್ಲಿ. ನನಗೆ ಇದಕ್ಕಿಂತ ದೊಡ್ಡದು ಅನಿಸುವುದು ಇನ್ನೊಂದು ಲೆಕ್ಕ: ನೂರಕ್ಕೆ 95 ಮಂದಿ ನಡುವೆ ಬಿಟ್ಟುಹೋಗದೆ ಉಳಿದರು. ನಂಬಿಕೆ ಮೊದಲೇ ಇದ್ದ ಜಾಗಕ್ಕೆ ಸಂಶೋಧನೆಯೇ ನಡೆದುಹೋಗಿತ್ತು.

ಭಾರತದಿಂದ ಅಮೆರಿಕದವರು ಕಲಿಯಬೇಕಾದ್ದೂ ಇದೆ. ನಮ್ಮ 2019ರ ನಿಯಮದಲ್ಲಿ, ಹೊಸ ರಾಸಾಯನಿಕ ಔಷಧದ ಪ್ರಯೋಗಕ್ಕೆ ದುರ್ಬಲ ಸ್ಥಿತಿಯಲ್ಲಿರುವವರ ಒಪ್ಪಿಗೆ ಪಡೆಯುವಾಗ ಆಡಿಯೊ-ವಿಡಿಯೊ ರೆಕಾರ್ಡ್ ಮಾಡಬೇಕು. ಮಾಹಿತಿ ಕೊಟ್ಟಿದ್ದೂ, ಅದು ಅವರಿಗೆ ಅರ್ಥವಾಗಿದ್ದೂ ಅದರಲ್ಲಿ ಇರಬೇಕು. ಓದಲು ಬಾರದವರಿದ್ದರೆ ಹೊರಗಿನ ಸಾಕ್ಷಿ ಒಬ್ಬರು ಇರಬೇಕು. ಇಲ್ಲಿ ನೋಡಿದರೆ, ಇಂಗ್ಲಿಷ್ ಬರಬೇಕು ಎಂದು ಷರತ್ತು ಹಾಕುವ ಅಧ್ಯಯನಗಳು ಎಷ್ಟೋ. ಮಗನ ಮನೆಯಲ್ಲಿರುವ, ಕನ್ನಡವಷ್ಟೇ ಬಲ್ಲ, ಸಕ್ಕರೆ ಕಾಯಿಲೆಯ ಅಜ್ಜಿ ಅಲ್ಲಿಗೇ ಹೊರಗೆ. ನಮ್ಮಂಥವರಲ್ಲಿ ಆ ಕಾಯಿಲೆ ಜಾಸ್ತಿ ಎನ್ನುವುದು ಇವರಿಗೂ ಗೊತ್ತು.

ಎರಡೂ ಕಡೆ ಮರೆಯುವುದು ಸಹಿಯ ನಂತರದ ದಿನಗಳನ್ನು. ಕೆಲಸದ ದಿನ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಬಾ ಎಂದರೆ ದಿನಗೂಲಿಯವರು ಹೇಗೆ ಬಂದಾರು? ಒಂದು ಸಲ ತಪ್ಪಿದರೆ ಮತ್ತೆ ಬರುವುದಿಲ್ಲ. ಸಂಜೆಯೂ ಭಾನುವಾರವೂ ತೆರೆದಿರಲಿ. ಹೋದ ಕೂಲಿ, ಬಸ್ಸಿನ ದುಡ್ಡು ಕೊಡಲಿ. ಪ್ರತಿ ಸಲ ಅದೇ ಪರಿಚಿತ ವ್ಯಕ್ತಿ ಫೋನ್ ಮಾಡಲಿ. ಕೊನೆಗೆ ಏನು ತಿಳಿಯಿತು ಎಂದು ರಕ್ತ ಕೊಟ್ಟವರಿಗೆ ಅವರ ಭಾಷೆಯಲ್ಲೇ ಹೇಳಲಿ. ಇದಕ್ಕೆಲ್ಲ ಹಣ ತೆಗೆದಿಡದ ಅರ್ಜಿಗೆ ಅನುದಾನವನ್ನೇ ಕೊಡಬಾರದು ಎನ್ನುವುದು ನನ್ನ ಅನಿಸಿಕೆ.